ಹಿತ್ತಲ ಬಾಗಲಾ ಯಾರ ನೋಡ್ತಾರ?

ಸಾರವಾಡದ ಯಲಗೂರಪ್ಪ ಹೊಸಾ ಮನಿ ಕಟ್ಟಸಾಕತ್ತಿದ್ದ. ತಲಿಬಾಗಲದ ಚೌಕಟ್ಟು ನಿಲ್ಲಸೋ ದಿನಾ ಊರಿಗೂರೇ ಕರದಿದ್ದ. ಸಾಗವಾನಿ ಕಟಗಿ, ಮ್ಯಾಲ ಕೆತ್ತಿದ ಲಕ್ಷ್ಮಿ, ಎಡಕ್ಕೊಂದು ಬಲಕ್ಕೊಂದು ಆನಿ. ಮುತ್ತೈದೇರು ಅರಿಷಿಣ ಕುಂಕುಮ ಹಚ್ಚಿ ಆರತಿ ಮಾಡಿದ್ರು. ಬಂದವರೆಲ್ಲಾ "ಬಾಗಲಾ ಅಂದ್ರ ಇದಪಾ!" ಅಂದ್ರು. ಯಲಗೂರಪ್ಪ ಮೀಸಿ ತಿರುವಿಕೊಂಡ.

ಅಲ್ಲಿಗೆ ಮುಗೀತು ನೋಡ್ರಿ ಅವನ ಕಾಳಜಿ. ಉಳಿದ ಬಾಗಲಾ ಕಿಡಕಿ ಹಾಳಾಗಿ ಹೋಗ್ಲಿ! ಅಡಗಿಮನಿಗೆ ತೆರಿಯಾಕ ಬಾರದ ಕಿಡಕಿ ಕೂಡ್ರಿಸಿದ. ಹಿಂದಿನ ಪಡಸಾಲಿಯಿಂದ ಹಿತ್ತಲಕ್ಕ ಹೋಗಾಕ ಮಾತ್ರ ಗಾಜಿನ ಸರಿಸೋ ಬಾಗಲಾ ಬೇಕಂದ. ವಿಜಯಪುರದಾಗ ಬೀಗರ ಮನ್ಯಾಗ ಅಂಥಾದ್ದು ನೋಡಿ ಬಂದಿದ್ದ. ಆದ್ರ ಗಾಜು ಎಂಥಾದ್ದು ಅಂತ ಕೇಳಲಿಲ್ಲ. ಎಲ್ಲಿ ಸೋವಿ ಸಿಕ್ತೋ ಅಲ್ಲಿಂದ ತಂದ.

ಹೆಂಡತಿ ಚಂದ್ರಕಲಾ ಆ ಗಾಜು ಬಳ್ಳಿಲೆ ಬಡದು ನೋಡಿದ್ಲು.

"ರೀ, ಇದು ಒಡದ್ರ ಹೆಂಗರೀ? ನಮ್ಮ ಗೀತಾಂಜಲಿ ದಿನಾ ಇಲ್ಲೇ ಆಡಾಕಿ. ಅತ್ತೀನೂ ಇಲ್ಲೇ ಕುಂದ್ರತಾರ. ದೊಡ್ಡ ಬಾಗಲಕ್ಕ ಕಾಸಿ ಗಟ್ಟಿ ಮಾಡಿದ ಟಫನ್ ಗಾಜೇ ಹಾಕಬೇಕಂತ ಮಿನಾಜ ಹೇಳಾಕತ್ತಿದ್ಲು."

ಮಿನಾಜ ಅಂದ್ರ ಬಾಜೂ ಮನ್ಯಾಕಿ. ಬಬಲೇಶ್ವರದಾಗ ಮನಿ ಕಟ್ಟಸೋ ಕೆಲಸದ ಇಂಜಿನಿಯರ್.

"ಗಾಜ ಅಂದ್ರ ಗಾಜ! ಅದರಾಗ ಜಾತಿ ಕುಲ ಇರ್ತಾವೇನು?" ಅಂದ ಯಲಗೂರಪ್ಪ. "ಹಿತ್ತಲ ಬಾಗಲಾ ಯಾರ ನೋಡ್ತಾರಲೇ?"

ಕೇಳಿದ್ರಿಲ್ಲ ಮಾತು? ಯಾರ ನೋಡ್ತಾರಂತ! ನಸುಕಿನಿಂದ ಮಲಗೂತನಕ ಆ ಬಾಗಲದಾಗ ತಿರುಗ್ಯಾಡೋ ಹೆಣ್ಣಮಕ್ಕಳು ಇವನ ಲೆಕ್ಕದಾಗ ಮನಶ್ಯಾರೇ ಅಲ್ಲ. ಚಂದ್ರಕಲಾ ಸಿಟ್ಟ ನುಂಗಿಕೊಂಡ್ಲು. ನುಂಗಬಾರದಿತ್ತು.

ವಾಸ್ತುಶಾಂತಿ ಹತ್ತಿರ ಬಂತು. ಯಲಗೂರಪ್ಪನ ಹತ್ರ ಒಂದು ಟಗರಿತ್ತು, ಕಾಳಗಕ್ಕಂತ ಸಾಕಿದ್ದು. ಹಿಂಡಿ ತಿಂದು ಹಿಂಡಿ ತಿಂದು ಕೊಬ್ಬಿತ್ತು. ಒಂದಿನ ಮುಂಜಾನೆ ಅದನ್ನ ಹೊಸಾ ಮನಿ ಹಿತ್ತಲದಾಗ ಬಿಟ್ಟಿದ್ದ. ಬಿಸಲಿಗೆ ಗಾಜು ಕನ್ನಡಿಹಂಗ ಹೊಳಿಯಾಕತ್ತಿತ್ತು. ಟಗರಿಗೆ ಎದುರಿಗೆ ಇನ್ನೊಂದು ಟಗರು ಕಂಡ್ತು. ಬಿಡ್ತೈತೇನು? ಹಿಂದಕ್ಕ ಸರೀತು, ತಲಿ ಬಗ್ಗಿಸ್ತು, ಓಡಿ ಬಂದು ಹಾದೇ ಬಿಟ್ತು.

ಒಳಗ ಪಡಸಾಲ್ಯಾಗ, ಮನಿ ಕೆಲಸ ನೋಡಾಕ ಬಂದಿದ್ದ ಯಲಗೂರಪ್ಪನ ಅವ್ವ ಬೋರವ್ವ ಮೊಮ್ಮಗಳು ಗೀತಾಂಜಲಿ ಜಡಿ ಹೆಣ್ಯಾಕತ್ತಿದ್ಲು. ಗಾಜು ಮ್ಯಾಲಿಂದ ಕುಡಗೋಲಿನಂಥಾ ತುಂಡಾಗಿ ಇಳೀತು. ಮುದುಕಿ "ಯವ್ವಾ!" ಅಂತ ಕೂಸಿನ ಮ್ಯಾಲ ಬಿದ್ಲು. ಕೂಸು ಉಳೀತು. ಬೋರವ್ವನ ಮುಂಗೈ ಎಲಬು ಕಾಣೂಹಂಗ ಸೀಳಿತು.

ಚಂದ್ರಕಲಾ ಓಡಿ ಬಂದು ನೋಡ್ತಾಳ, ನೆಲದ ತುಂಬಾ ರಕ್ತ. ಸೀರಿ ಸೆರಗ ಹರದು ಕಟ್ಟಿ ಅತ್ತೀನ ಬಬಲೇಶ್ವರದ ದವಾಖಾನಿಗೆ ಒಯ್ದ್ಲು. ಡಾಕ್ಟರ್ ಹೊಲಿಗಿ ಹಾಕಿ, "ಕೈ ಮ್ಯಾಲ ಬಿತ್ತು. ಕೂಸಿನ ಕುತಗಿ ಮ್ಯಾಲ ಬಿದ್ದಿದ್ರ ನನ್ನ ಕೈಲೆ ಏನೂ ಆಗ್ತಿರಲಿಲ್ಲವ್ವ" ಅಂದ್ರು.

ಮನೀಗೆ ಬಂದ್ರ ಗಂಡ ಟಗರಿಗೆ ಬೈಯಾಕತ್ತಿದ್ದ!

"ಎಲ್ಲಾ ಈ ಹಲ್ಕಟ್ ಟಗರಿನಿಂದ. ಇರಲಿ, ನಾಳೆ ಅಂಥಾದ್ದೇ ಇನ್ನೊಂದು ಗಾಜು ಹಾಕಸ್ತೀನಿ. ಬೀಗರು ಬರೂದ್ರಾಗ ಮುಗೀಬೇಕು."

ಚಂದ್ರಕಲಾನ ಸಿಟ್ಟು ನೆತ್ತಿಗೇರಿತು.

"ಅಂಥಾದ್ದೇ? ನಾಚಿಕಿ ಆಗೂದಿಲ್ಲೇನ್ರಿ ನಿಮಗ? ಟಗರಿಗೆ ಬುದ್ಧಿ ಇಲ್ಲ, ಪ್ರಾಣಿ. ನಿಮಗೇನಾಗೇತಿ? ಆ ಗಾಜು ಮತ್ತ ಈ ಮನ್ಯಾಗ ಕುಂತ್ರ ವಾಸ್ತುಶಾಂತ್ಯಾಗ ನಾ ಹಾಲ ಉಕ್ಕಸಾಂಗಿಲ್ಲ. ಬಾಗಲದ ಮ್ಯಾಲ ಲಕ್ಷ್ಮೀನ ಕೆತ್ತಿಸೀರಲ್ಲ, ಆಕೀಗೇ ಹೇಳ್ರಿ. ಇಳದ ಬಂದು ಉಕ್ಕಸ್ಲಿ!"

ಗದ್ದಲಾ ಕೇಳಿ ಮಿನಾಜ ಬಂದ್ಲು. ಯಲಗೂರಪ್ಪನ ಜೋರು ಇನ್ನೂ ಇಳದಿರಲಿಲ್ಲ.

"ಏನವಾ ಮಿನಾಜ, ನಿನ್ನ ಟಫನ್ ಗಾಜು ಟಗರು ಹಾದ್ರ ಒಡಿಯಾಂಗಿಲ್ಲೇನು?"

"ಒಡೀಬಹುದಣ್ಣಾ, ಸುಳ್ಳ್ಯಾಕ ಹೇಳ್ಲಿ? ಸಾದಾ ಗಾಜಿಗಿಂತ ಭಾಳ ಗಟ್ಟಿ ಇರ್ತೈತಿ. ಅಕಸ್ಮಾತ್ ಒಡದ್ರೂ ಕಲ್ಲಸಕ್ರಿಹಂಗ ಸಣ್ಣ ಸಣ್ಣ ಹಳಕಾಗಿ ಉದರ್ತೈತಿ. ಹಿಂಗ ಸೀಳೂದಿಲ್ಲ."

"ಅದು ಟಫನ್ನೇ ಅಂತ ಗುರ್ತ ಹೆಂಗ ಹಿಡೀಬೇಕು?" ಚಂದ್ರಕಲಾ ಕೇಳಿದ್ಲು.

"ಗಾಜಿನ ಮೂಲ್ಯಾಗ ಅಳಿಸಾಕ ಬಾರದ ಮುದ್ರಿ ಇರ್ತೈತಿ ವೈನಿ. ಇನ್ನೊಂದು ಮಾತು. ಟಫನ್ ಆದ ಮ್ಯಾಲ ಆ ಗಾಜು ಕೊಯ್ಯಾಕ ಬರೂದಿಲ್ಲ. ಮೊದಲ ಅಳತಿ ಕೊಟ್ಟು ಮಾಡಸಬೇಕು. 'ಈಗ ಇಲ್ಲೇ ಕೊಯ್ದ ಕೊಡ್ತೀನಿ' ಅಂದ್ರ ಮೋಸ ಅಂತ ತಿಳೀರಿ. ಹಂಗೇ ಅಡಗಿಮನಿ ಕಿಡಕಿನೂ ತೆರಿಯೂಹಂಗ ಮಾಡಸ್ರಿ ಅಣ್ಣಾ. ನಾಳೆ ಗ್ಯಾಸ್ ಸೋರಿದ್ರ ವೈನಿ ಏನ್ ಮಾಡಬೇಕು?"

ಯಲಗೂರಪ್ಪ "ಹೂಂ" ಅಂದ. ಒಪ್ಪಿದ್ದಲ್ಲ, ಬಾಯಿ ಮುಚ್ಚಿಸಾಕ ಅಂದದ್ದು.

ಮರುದಿನ ಚಂದ್ರಕಲಾ ಬಿಡಲಿಲ್ಲ, ತಾನೂ ಹೊಂಟ್ಲು. ಗಂಡಾ ಹೆಂಡತಿ ವಿಜಯಪುರಕ್ಕ ಹೋಗಿ ಮೊದಲ ಗಾಜು ತಂದಿದ್ದ ಅಂಗಡಿನೇ ಹೊಕ್ಕರು. ಅಂಗಡಿಯಾಂವ ಒಂದು ಗಾಜು ಬಡದು ತೋರಿಸಿ, "ಇದು ನಂಬರ್ ಒನ್ ಟಫನ್" ಅಂದ. ಚಂದ್ರಕಲಾ ಸೆರಗಿಲೆ ಧೂಳ ಒರಸಿ ನಾಲ್ಕೂ ಮೂಲಿ ನೋಡಿದ್ಲು. ಮುದ್ರಿ ಇರಲಿಲ್ಲ. "ಮುದ್ರಿ ಎಲ್ಲೈತಿ?" ಅಂದ್ಲು.

"ಮುದ್ರಿ ತಗೊಂಡ ಏನ್ ಮಾಡ್ತೀರಿ ಅಕ್ಕಾರ? ನನ್ನ ಮಾತಿನ ಮ್ಯಾಲ ನಂಬಿಕಿಲ್ಲೇನು?" ಅಂದ ಅಂಗಡಿಯಾಂವ. ಯಲಗೂರಪ್ಪನ ಕಡೆ ತಿರುಗಿ ನಕ್ಕ. "ಹೆಣ್ಣಮಕ್ಕಳಿಗೇನ ತಿಳೀತೈತಿ ಯಜಮಾನರ? ಅಳತಿ ಹೇಳ್ರಿ, ಈಗ ಕೊಯ್ದ ಕೊಡ್ತೀನಿ."

ಯಲಗೂರಪ್ಪನ ಮಾರಿ ಕೆಂಪಾತು.

"ಕೊಯ್ದ ಕೊಡ್ತೀ? ನಮ್ಮವ್ವನ ಕೈ ಕೊಯ್ದದ್ದು ಸಾಲಲಿಲ್ಲೇನಲೇ ನಿನಗ?" ಅಂತ ಬೀದಿ ಮಂದಿ ನಿಂತು ನೋಡೂಹಂಗ ಒದರಿದ. ಹೆಂಡತಿ ಮಾರಿ ನೋಡಲಿಲ್ಲ. "ನಡಿ, ಬ್ಯಾರೆ ಅಂಗಡಿಗೆ ಹೋಗೂಣು. ಈ ಸಲ ನೀನ ಕೇಳು" ಅಂದ.

ಚಂದ್ರಕಲಾ ಕೇಳಿದ್ಲು. ಮುದ್ರಿ ಕೇಳಿದ್ಲು, ಒಳಗಿಂದ ಹಾಕೋ ಚಿಲಕಾ ಎಳದ ನೋಡಿದ್ಲು, ಸರಿಸೋ ಹಳಿಯಾಗ ಮಳಿ ನೀರು ಹೋಗಾಕ ತೂತು ಅದಾವೇನು ಅಂತ ಬಗ್ಗಿ ನೋಡಿದ್ಲು. ಅಳತಿ ಕೊಟ್ಟ ಗಾಜು ತಯಾರಾಗಿ ಬರೂದ್ರಾಗ ಮುಹೂರ್ತ ತಪ್ಪಿತು. ಬೀಗರಿಗೆ ಫೋನ್ ಮಾಡಿ ದಿನಾ ಮುಂದ ಹಾಕಿದವನು ಯಲಗೂರಪ್ಪನೇ. ಗೀತಾಂಜಲಿ ಓಡಿ ಬಂದು ಹಾಯಬಾರದಂತ ಗಾಜಿನ ಮ್ಯಾಲ ಕೂಸಿನ ಎತ್ತರಕ್ಕ ಬಣ್ಣದ ಪಟ್ಟಿ ಹಚ್ಚಿದವನೂ ಅವನೇ. ಅಡಗಿಮನಿ ಕಿಡಕಿನೂ ತೆರಿಯೂಹಂಗಾತು. ಆಮ್ಯಾಲ ಚಂದ್ರಕಲಾ ಹಾಲ ಉಕ್ಕಿಸಿದ್ಲು.

ಬೋರವ್ವನ ಗಾಯ ಮಾಯ್ದೈತಿ. ಆದ್ರ ಆ ಕೈಲೆ ಈಗ ರೊಟ್ಟಿ ಬಡಿಯಾಕ ಬರೂದಿಲ್ಲ.

ಮನಿ ಕಟ್ಟಸಾಕತ್ತಿರೋ ಅಣ್ಣಗೋಳ್ರ್ಯಾ, ಅಕ್ಕಗೋಳ್ರ್ಯಾ, ನಿಮಗೇ ಹೇಳಾಕತ್ತೇವಿ. ತಲಿಬಾಗಲಕ್ಕ ಎಷ್ಟರೆ ಸಿಂಗಾರ ಮಾಡ್ರಿ, ಬ್ಯಾಡನ್ನೂದಿಲ್ಲ. ಆದ್ರ ಕಿಡಕಿ, ಗಾಜಿನ ಬಾಗಲಾ ತರೂಮುಂದ ಆ ಮನ್ಯಾಗ ದಿನಾ ದುಡಿಯೋ ಹೆಣ್ಣಮಕ್ಕಳನ್ನ ಕರಕೊಂಡ ಹೋಗ್ರಿ. ಗಾಜಿನ ಮೂಲಿ ನೋಡ್ರಿ, ಮುದ್ರಿ ಇಲ್ಲದಿದ್ರ ಎದ್ದ ಬರ್ರಿ. ಅಂಗಡಿಯಾಂವ ನಕ್ಕರ ನಗಲಿ. ಒಡದ ಗಾಜು ನಾಳೆ ಮತ್ತ ಸಿಗ್ತೈತಿ. ಕೂಸಿನ ಜೀವಾ ಯಾವ ಅಂಗಡ್ಯಾಗ ಸಿಗ್ತೈತಿ, ನೀವೇ ಹೇಳ್ರಿ.