ಬಿಡಿಸುವವರಿಲ್ಲದ ಉಪವಾಸ

ನಮ್ಮ ಪಕ್ಷದ ಅಧ್ಯಕ್ಷ ಪ್ಯೊನ್ ಚಿಹ್ವಾನ್ ಅವರಿಗೆ ಹಸಿವಿಗಿಂತ ಕುರ್ಚಿಯ ಚಿಂತೆ ದೊಡ್ಡದು. ಉಪಚುನಾವಣೆಯಲ್ಲಿ ಪಕ್ಷ ಮಣ್ಣು ಮುಕ್ಕಿದ ಮೇಲೆ ಸ್ವಂತ ಸಂಸದರೇ ರಾಜೀನಾಮೆ ಕೇಳಿದರು. ಮರುದಿನವೇ ಇವರು ಸಿಯೋಲ್‌ನ ಸಂಸತ್ತಿನ ಮೆಟ್ಟಿಲೆದುರು ಡೇರೆ ಹಾಕಿಸಿ, ಸರ್ಕಾರದ ಹೊಸ ತೆರಿಗೆಯ ವಿರುದ್ಧ ಆಮರಣ ಉಪವಾಸ ಅಂತ ಮಲಗಿಬಿಟ್ಟರು. ತೆರಿಗೆ ಬರೀ ನೆಪ. ಉಪವಾಸ ಕೂತವನನ್ನು ಕೆಳಗಿಳಿಸಿ ಕಟುಕರು ಅನ್ನಿಸಿಕೊಳ್ಳುವ ಧೈರ್ಯ ಯಾರಿಗಿದೆ ಅನ್ನುವುದು ಅವರ ಲೆಕ್ಕ.

ಇದಕ್ಕೊಂದು ಪದ್ಧತಿಯಿದೆ. ಕೆಲವು ದಿನ ಕಳೆದ ಮೇಲೆ ಪಕ್ಷದ ದೊಡ್ಡವರು ಬಂದು, ಕೈ ಹಿಡಿದು, ಕಣ್ಣೀರಿಟ್ಟು, ದಯವಿಟ್ಟು ನಿಲ್ಲಿಸಿ ಅನ್ನಬೇಕು. ಇವರು ಒಲ್ಲೆ ಒಲ್ಲೆ ಅಂತ ತಲೆಯಾಡಿಸಿ ಕೊನೆಗೆ ಕಣ್ಣು ಮುಚ್ಚಬೇಕು. ಆಮೇಲೆ ಆಂಬುಲೆನ್ಸ್, ಆಸ್ಪತ್ರೆ, ಅಕ್ಕಿ ಗಂಜಿ. ಹಿಂದೊಮ್ಮೆ ಹೀಗೇ ನಡೆದಿತ್ತು. ಆಗ ಎಲ್ಲರಿಗಿಂತ ಜೋರಾಗಿ ಅತ್ತವರು ಸಂಸದೀಯ ನಾಯಕ ಮಾ ದೊಂಗ್‌ಗ್ಯು. ಯಾರೂ ಬೇಡದೆ ತಾವಾಗಿ ಎದ್ದು ಉಂಡರೆ ಮಾತ್ರ ಮಾನ ಹೋಯಿತು.

ಈ ಸಲ ಯಾರೂ ಬರಲಿಲ್ಲ. ಸಂಸದರು ಡೇರೆಯ ಮುಂದೆಯೇ ಹಾದು ಊಟಕ್ಕೆ ಹೋಗಿ, ಎಲುಬಿನ ಸಾರಿನ ವಾಸನೆ ಹೊತ್ತು ಹಿಂತಿರುಗುತ್ತಿದ್ದರು. "ಅಧ್ಯಕ್ಷರು ಸಣ್ಣ ಆಗಿ ಲಕ್ಷಣವಾಗಿ ಕಾಣ್ತಾರೆ ಕಣ್ರೀ," ಅಂದ ಒಬ್ಬ. ಅಧ್ಯಕ್ಷರ ಕಚೇರಿ ನೋಡಿಕೊಳ್ಳುವ ನಾನು ಮಾ ಅವರಿಗೆ ಫೋನ್ ಮಾಡಿದೆ.

"ಸಾರ್, ಒಂದ್ಸಲ ಬಂದು ಬೇಡ ಅಂದ್ಬಿಡಿ. ತುಂಬಾ ಸೋತಿದಾರೆ."

"ಅಯ್ಯೋ ಯೊನಮ್ಮಾ, ಅಂಥ ದೊಡ್ಡೋರ ವ್ರತ ಕೆಡಿಸೋಕೆ ನಾವ್ಯಾರು?"

ಕೊನೆಗೊಂದು ದಿನ ಮಾ ಬಂದರು, ದಂಡು ಕಟ್ಟಿಕೊಂಡು, ಕ್ಯಾಮೆರಾಗಳ ಸಮೇತ. ಅಧ್ಯಕ್ಷರು ಅವಸರದಲ್ಲಿ ಕಂಬಳಿಯನ್ನು ಗಲ್ಲದವರೆಗೆ ಎಳೆದುಕೊಂಡು ಬಾಯಿ ಅರೆ ತೆರೆದರು. ಆ ನಾಟಕ ನೋಡಿ ನನಗೆ ಮೈಯೆಲ್ಲ ಉರಿಯಿತು.

ಮಾ ಮಂಡಿಯೂರಿ ನೆಲಕ್ಕೆ ಹಣೆ ಹಚ್ಚಿದರು. ಕಣ್ಣಲ್ಲಿ ನೀರೂ ಬಂತು, ಮೊಸಳೆ ನಾಚಬೇಕು.

"ಅಧ್ಯಕ್ಷರೇ, ನಿಮ್ಮ ಛಲಕ್ಕೆ ನಾವು ಅಡ್ಡ ಬರಲ್ಲ. ಮುಂದುವರಿಸಿ! ಇಂಥ ಹೊತ್ತಲ್ಲಿ ಪಕ್ಷದ ಭಾರ ನಿಮಗ್ಯಾಕೆ ಅಂತ ಬೆಳಿಗ್ಗೆ ಸಭೆ ಸೇರಿ ಇಳಿಸಿದ್ವಿ. ಇನ್ಮೇಲೆ ಆ ಕುರ್ಚಿ ನಾನ್ ನೋಡ್ಕೋತೀನಿ. ನೀವು ನಿಶ್ಚಿಂತೆಯಿಂದ ಉಪವಾಸ ಮಾಡಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ಕ್ಯಾಮೆರಾಗಳು ಹೊಸ ಅಧ್ಯಕ್ಷರ ಹಿಂದೆ ಓಡಿದವು.

ಡೇರೆಯಲ್ಲಿ ನಾವಿಬ್ಬರೇ ಉಳಿದೆವು. ಛೀ ಅನ್ನಿಸಿದರೂ ಕರುಳು ಕೇಳಲಿಲ್ಲ. ಬಿಸಿ ಗಂಜಿ ತಂದು, ಅವರ ಕೈ ಹಿಡಿದೆ.

"ಸಾಕು ಸಾರ್, ನಿಲ್ಲಿಸಿ. ಒಂದ್ ಗುಟುಕು ಕುಡೀರಿ."

ಅವರು ಕೈ ಕೊಸರಿಕೊಂಡರು. "ಆಫೀಸ್ ಹೆಂಗಸಿನ ಮಾತಿಗೆ ಉಪವಾಸ ಬಿಟ್ಟ ಅಂದ್ರೆ ಜನ ನಗಲ್ವಾ? ಮಂತ್ರಿಯಾಗಿದ್ದೋರು ಯಾರಾದ್ರೂ ಇದ್ರೆ ಕರ್ಕೊಂಡ್ ಬಾ."

ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು. ನಾನೂ ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಅವರ ದಿಂಬಿನ ಪಕ್ಕದಲ್ಲೇ ಕೂತು ಸೊರ್ ಸೊರ್ ಎಂದು ಗಂಜಿ ಕುಡಿದೆ.

ಆ ಕಡೆ ತಿರುಗಿದ್ದ ಮುಖ ಮೆಲ್ಲಗೆ ಈ ಕಡೆ ಹೊರಳಿತು.

"ಯೊನಮ್ಮಾ, ಸ್ವಲ್ಪ ಉಳಿದಿದ್ಯಾ?"

ಬಟ್ಟಲು ಬೋರಲು ಮಾಡಿ ತೋರಿಸಿದೆ.