ಪಕ್ಕದ ಸೀಟಿನ ಬ್ರೇಕ್

ಆ ತಿರುವು ಬಂದಾಗಲೆಲ್ಲ ಡ್ರೈವಿಂಗ್ ಮೇಷ್ಟ್ರ ಬಲಗಾಲು ಅವರ ಮಾತು ಕೇಳುತ್ತಿರಲಿಲ್ಲ. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು ಕಲಿಸುವುದು ಅವರ ಕೆಲಸ. ಅವರ ಕಾಲ ಬಳಿಯೂ ಒಂದು ಬ್ರೇಕ್ ಇತ್ತು. ಇವತ್ತೂ ಟೈಲರ್ ಅಂಗಡಿಯ ಮುಂದೆ ಕಾರು ಗಕ್ಕನೆ ನಿಂತಿತು. ಸ್ಟಿಯರಿಂಗ್ ಹಿಡಿದಿದ್ದ ನರ್ಸಮ್ಮ ಮುಂದಕ್ಕೆ ವಾಲಿ ಸೀಟಿಗೆ ಬಿದ್ದಳು.

"ಯಾಕ್ ಮೇಷ್ಟ್ರೇ? ಯಾರೂ ಇಲ್ವಲ್ಲ!"

"ಸೈಕಲ್ ಬಂತು."

"ಎಲ್ಲಿ ಸೈಕಲ್ಲು? ಒಂದ್ಸಲ ಕಣ್ಣು ತೋರಿಸ್ಕೊಳ್ಳಿ. ನಮ್ಮ ಆಸ್ಪತ್ರೆಗೇ ಬನ್ನಿ, ಚೀಟಿ ನಾನೇ ಮಾಡಿಸ್ತೀನಿ."

ಮೇಷ್ಟ್ರು ನಕ್ಕಂತೆ ಮಾಡಿದರು. ರಸ್ತೆ ಬಿಕೋ ಎನ್ನುತ್ತಿತ್ತು. ಅಂಗಡಿಯ ಶಟರ್ ಎಳೆದು ಹದಿನಾರು ದಿನವಾಗಿತ್ತು. ಅದರ ಮೇಲೆ ಅಂಟಿಸಿದ್ದ ಹಾಳೆಯನ್ನು ಓದಬಾರದು ಎಂದುಕೊಂಡೇ ದಿನವೂ ಓದುತ್ತಿದ್ದರು: 'ಟೈಲರ್ ಬಿದ್ದು ಕೈ ಮುರಿದುಕೊಂಡಿದ್ದಾರೆ. ಬಟ್ಟೆ ಕೊಟ್ಟವರು ಹಿಂದಿನ ಬಾಗಿಲಿಗೆ ಬನ್ನಿ.'

ಹದಿನಾರು ದಿನದ ಹಿಂದೆ, ಒಂದು ಮಧ್ಯಾಹ್ನ, ಮೇಷ್ಟ್ರ ಮಗಳು ಮನೆಯ ಕಾರನ್ನು ತಂದು ನಿಲ್ಲಿಸಿದಾಗ ಅದರ ಪಕ್ಕದ ಕನ್ನಡಿ ಜೋತಾಡುತ್ತಿತ್ತು. ವಯಸ್ಸು ಹತ್ತೊಂಬತ್ತಾದರೂ ಮನೆಯಲ್ಲಿ ಅವಳು ಇನ್ನೂ ಪಾಪು. "ಅಪ್ಪಾ, ಅಂಗಡಿ ತಿರುವಲ್ಲಿ ಟೈಲರ್ ತಾತನ ಸೈಕಲ್ಲಿಗೆ ತಗುಲಿತು. ಬಿದ್ದುಬಿಟ್ರು. ನಾನು ನಿಲ್ಲಿಸಲಿಲ್ಲ" ಎಂದಳು.

"ಯಾರಾದ್ರೂ ನೋಡಿದ್ರಾ?"

ಮೇಷ್ಟ್ರ ಬಾಯಿಂದ ಮೊದಲು ಬಂದ ಮಾತು ಅದು. ಈಗ ಊಟದ ತಟ್ಟೆಯ ಮುಂದೆ ಕೂತಾಗ, ಸ್ನಾನದ ಕೋಣೆಯ ಚಿಲಕ ಹಾಕಿದಾಗ, ಅದೇ ಮಾತು ಬೇರೆ ಯಾರದೋ ದನಿಯಲ್ಲಿ ಕೇಳಿಸುತ್ತದೆ. ಯಾರೂ ನೋಡಿಲ್ಲ ಎಂದಿದ್ದಳು. ಒಂದು ಗಂಟೆಯೊಳಗೆ ಅವರು ಹೊಸ ಕನ್ನಡಿ ಕೂರಿಸಿ, ಗೀರು ತಿಕ್ಕಿ ತೆಗೆದು, "ಮುಗೀತು, ಹೋಗಿ ಮಲಕ್ಕೋ" ಎಂದಿದ್ದರು.

ಮೂರು ದಿನ ಪಾಪು ಊಟ ಬಿಟ್ಟಳು. ನಾಲ್ಕನೆಯ ದಿನ ತುತ್ತು ಇಳಿಯಿತು. ಹತ್ತನೆಯ ದಿನ ತಲೆ ಬಾಚಿಕೊಳ್ಳುತ್ತಾ ಹಾಡು ಗುನುಗಿದಳು. ಮೇಷ್ಟ್ರು ಬೆಚ್ಚಿದ್ದು ಆಗ. ಬಾಗಿಲಲ್ಲಿ ನಿಂತು ನೋಡಿದರು. ಅದೇ ಜಡೆ, ಅದೇ ಕುತ್ತಿಗೆ. ಕನ್ನಡಿಯೊಳಗೆ ಮಾತ್ರ ತಾವು ಸಾಕದ ಯಾರೋ ಒಬ್ಬಳು ಕೂತ ಹಾಗಿತ್ತು. ಅಥವಾ ತಾವು ಸಾಕಿದವಳೇ ಅವಳೋ? ಇಷ್ಟು ಬೇಗ ಮರೆಯಬಹುದೆಂದು ಇವಳಿಗೆ ಕಲಿಸಿಕೊಟ್ಟವರು ಯಾರು?

ಇವತ್ತು ಪಾಠ ಮುಗಿಸಿ ಮನೆಗೆ ಬಂದರೆ ಪಾಪು ಬೀಗದಕೈ ಕುಣಿಸುತ್ತಾ ನಿಂತಿದ್ದಳು.

"ಅಪ್ಪಾ, ಕಾರು ತಗೊಂಡು ಹೋಗ್ಲಾ? ಬೇಗ ಬಂದ್ಬಿಡ್ತೀನಿ."

"ಆವತ್ತು ಬ್ರೇಕ್ ಒತ್ತಿದ್ಯಾ?"

ಅವಳ ಮುಖ ಸಪ್ಪಗಾಯಿತು. "ಮತ್ತೆ ಯಾಕಪ್ಪಾ ಅದು? ಮುಗೀತು ಅಂದವನು ನೀನೇ."

"ಒತ್ತಿದ್ಯಾ?"

"ಗೊತ್ತಿಲ್ಲ. ತಾನೇ ನಿಂತ್ಬಿಡುತ್ತೆ ಅನ್ನಿಸ್ತು. ನೀನು ಜೊತೇಲಿದ್ದಾಗ ಯಾವಾಗ್ಲೂ ನಿಲ್ತಿತ್ತಲ್ಲ."

ಮೇಷ್ಟ್ರು ಕುರ್ಚಿ ಎಳೆದು ಕೂತರು. ಬೇರೆಯವರಿಗೆ ಕಲಿಸುವಾಗ ಕೊನೆಯ ಕ್ಷಣದವರೆಗೂ ಅವರು ಕಾಯುತ್ತಿದ್ದರು. ಬೆವರಲಿ, ಬೆದರಲಿ, ತಮ್ಮ ಬ್ರೇಕನ್ನು ತಾವೇ ಒತ್ತಲಿ. ಪಾಪು ಬೆದರುವುದನ್ನು ಮಾತ್ರ ನೋಡಲಾರದೆ, ಅವಳಿಗಿಂತ ಮೊದಲೇ ಸದ್ದಿಲ್ಲದೆ ತಾವು ಒತ್ತಿಬಿಡುತ್ತಿದ್ದರು. ತಾನೇ ನಿಲ್ಲಿಸಿದೆ ಎಂದು ಅವಳು ಬೀಗುತ್ತಿದ್ದಳು. ಬರೀ ಕಾರಿನಲ್ಲೇ? ಒಂಬತ್ತನೆಯ ವಯಸ್ಸಿನಲ್ಲಿ ಜೊತೆಯ ಹುಡುಗಿಯ ಬಣ್ಣದ ಡಬ್ಬಿ ಇವಳ ಚೀಲದಲ್ಲಿ ಸಿಕ್ಕಾಗ, ಗುಟ್ಟಾಗಿ ವಾಪಸ್ ಇಟ್ಟು ಬಂದವರು ಅವರು. ಪಕ್ಕದ ಮನೆಯ ಕಿಟಕಿಯನ್ನು ಇವಳು ಒಡೆದಾಗ "ನನ್ನ ಕೈ ತಗುಲಿತು" ಎಂದವರೂ ಅವರೇ.

"ನಡಿ," ಎಂದರು. "ಟೈಲರ್ ಹತ್ರ ಹೋಗೋಣ."

ಅಡುಗೆಮನೆಯಿಂದ ಹೆಂಡತಿ ಒದ್ದೆ ಕೈಯಲ್ಲೇ ಓಡಿ ಬಂದಳು. "ನಿಮಗೇನು ತಲೆ ಕೆಟ್ಟಿದೆಯಾ? ಪೊಲೀಸು ಗಿಲೀಸು ಅಂತ ಆದ್ರೆ ಮಗು ಗತಿಯೇನು? ಹೋಗಲೇಬೇಕು ಅಂದ್ರೆ ನೀವೊಬ್ರೇ ಹೋಗಿ. ನಾನೇ ಓಡಿಸ್ತಿದ್ದೆ ಅನ್ನಿ."

"ಇಷ್ಟು ವರ್ಷ ಅದನ್ನೇ ಮಾಡಿದ್ದೀನಲ್ಲೇ."

ನಡೆದೇ ಹೋದರು. ದಾರಿಯುದ್ದಕ್ಕೂ ಪಾಪು ಮೂಗು ಒರೆಸಿಕೊಳ್ಳುತ್ತಿದ್ದಳು. "ಅಪ್ಪಾ, ನೀನೇ ಹೇಳ್ತೀಯ ತಾನೇ?" ಎಂದು ಎರಡು ಸಲ ಕೇಳಿದಳು. ಮೇಷ್ಟ್ರು ನಡಿಗೆ ಚುರುಕು ಮಾಡಿದರು.

ಹಿಂದಿನ ಬಾಗಿಲು ತೆಗೆದವರು ಟೈಲರೇ. ಬಲಗೈ ಭುಜದವರೆಗೂ ಪ್ಲಾಸ್ಟರಿನಲ್ಲಿತ್ತು. ಅವರ ಹಿಂದೆ, ಮಬ್ಬು ಬೆಳಕಿನಲ್ಲಿ, ಹೊಲಿಗೆ ಮುಗಿಯದ ಅಂಗಿಗಳು ತಲೆಯಿಲ್ಲದ ಜನರ ಹಾಗೆ ಸಾಲಾಗಿ ತೂಗುತ್ತಿದ್ದವು.

"ಬಟ್ಟೆ ಕೊಟ್ಟಿದ್ರಾ ಮೇಷ್ಟ್ರೇ? ಇನ್ನು ನಾನು ಹೊಲಿಯೋದು ಬೇಡ ಅಂತ ತೀರ್ಮಾನ ಆಗಿದೆ."

"ಕೈ ಸರಿಹೋಗುತ್ತೆ ಬಿಡಿ."

"ಕೈ ಅಲ್ಲ ಮಾರಾಯ್ರೇ, ತಲೆ." ಎಡಗೈಯಿಂದ ಹಣೆ ತಟ್ಟಿಕೊಂಡರು. "ಕಾರು ತಗುಲಿತು ಅಂದೆ. ಯಾವ ಕಾರು, ಯಾರೂ ನೋಡಿಲ್ಲ, ನಿಂಗೆ ತಲೆ ಸುತ್ತಿ ಬಿದ್ದಿದ್ದೀಯ ಅಂತಾರೆ ಮನೆಯವರೆಲ್ಲ. ಮೊದಮೊದಲು ಜಗಳ ಆಡಿದೆ. ಈಗ ನಂಗೂ ಹಾಗೇ ಅನ್ಸುತ್ತೆ. ಕತ್ತರಿ ಮುಟ್ಟೋಕೆ ಬಿಡೋಲ್ಲ, ಬಚ್ಚಲಿಗೂ ಒಬ್ಬನೇ ಹೋಗೋ ಹಾಗಿಲ್ಲ. ಈಗ ಬಾಗಿಲು ತೆಗೆದಾಗ್ಲೂ ಅಷ್ಟೇ, ನೀವು ನಿಜವಾಗ್ಲೂ ನಿಂತಿದ್ದೀರಾ ಅಂತ ಒಂದು ಕ್ಷಣ ನೋಡಿದೆ." ನಗಲು ಹೋದರು, ಆಗಲಿಲ್ಲ.

ಮಾತು ಮೇಷ್ಟ್ರ ನಾಲಿಗೆಯ ತುದಿಗೆ ಬಂದುಬಿಟ್ಟಿತ್ತು. ಹಲ್ಲು ಕಚ್ಚಿ ತಡೆದರು. ಪಾಪು ಅಪ್ಪನ ಮುಖ ನೋಡಿದಳು. ಅಪ್ಪ ನೆಲ ನೋಡುತ್ತಿದ್ದರು. ಒಂದು ನಿಮಿಷ ಆಗಿರಬಹುದು. ಅಷ್ಟು ಹೊತ್ತು ಅವಳನ್ನು ಒಂಟಿಯಾಗಿ ಬಿಟ್ಟದ್ದು ಅವರ ಬದುಕಿನಲ್ಲಿ ಅದೇ ಮೊದಲು.

"ಕಾರು ಇತ್ತು ತಾತ," ಎಂದಳು ಪಾಪು. "ನಾನೇ ಓಡಿಸ್ತಿದ್ದೆ. ನೀವು ಬಿದ್ದದ್ದು ನೋಡಿದೆ. ನಿಲ್ಲಿಸಲಿಲ್ಲ."

ಬೈಗುಳಕ್ಕೆ, ಕೂಗಾಟಕ್ಕೆ ಮೇಷ್ಟ್ರು ಮೈ ಬಿಗಿ ಹಿಡಿದು ಕಾದರು. ಟೈಲರ್ ಅವಳ ಮಣಿಕಟ್ಟನ್ನು ಎಡಗೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡರು, ಬಿಟ್ಟರೆ ಎಲ್ಲಿ ಮಾಯವಾಗುತ್ತಾಳೋ ಎಂಬಂತೆ. ಆಮೇಲೆ ಒಳಕ್ಕೆ ತಿರುಗಿ ಕೂಗಿದರು:

"ಏಯ್, ಬಾರೇ ಇಲ್ಲಿ! ಬೇಗ ಬಾ! ಕಾರಿತ್ತಂತೆ ಕಣೇ! ಕಾರಿತ್ತಂತೆ!"

ಅವರ ಕಣ್ಣಿಂದ ನೀರು ಧಾರಾಕಾರ ಇಳಿಯುತ್ತಿತ್ತು. ತೂಗುತ್ತಿದ್ದ ಅಂಗಿಗಳನ್ನು ಸರಿಸಿಕೊಂಡು ಅವರ ಹೆಂಡತಿ ಬಂದು ನಿಂತರು. ಗಂಡನಿಗೆ ಮತ್ತೇನೋ ಆಯಿತು ಎಂಬ ಗಾಬರಿ ಅವರ ಮುಖದಲ್ಲಿತ್ತು.

"ಇನ್ನೊಂದ್ಸಲ ಹೇಳಮ್ಮ," ಎಂದರು ಟೈಲರ್. "ಇವಳ ಮುಂದೆ ಹೇಳು."

ಪಾಪು ಆ ಹೆಂಗಸಿನ ಮುಖ ನೋಡಿದಳು. ಬಾಯಿ ತೆರೆದಳು. ಈ ಸಲ ಅಪ್ಪನ ಕಡೆ ನೋಡದೆ, ಒಂದೊಂದೇ ಪದವಾಗಿ ಮೊದಲಿನಿಂದ ಹೇಳತೊಡಗಿದಳು.