ಮ್ಯಾನೇಜರ್ ಸಾರ್, ಅವಸರ ಇಲ್ಲ

ಸೋಮವಾರ ಬೆಳಿಗ್ಗೆ ಆರೂ ನಲವತ್ತಕ್ಕೆ ರೀಫ್ಸ್ ಇಲೆವೆನ್ ಹಾಕಿ ತಂಡದ ವಾಟ್ಸ್ಆ್ಯಪ್ ಗುಂಪಿಗೆ ಒಂದು ಪ್ರಕಟಣೆ ಬಂತು. ಮೂರೇ ಸಾಲು. ಜನರಲ್ ಮ್ಯಾನೇಜರ್ ಮುನೀಂದ್ರ ಅವರನ್ನು ಹುದ್ದೆಯಿಂದ ತೆಗೆಯಲಾಗಿದೆ. ಅಭಿಮಾನಿಗಳ ಒತ್ತಾಯದ ಮೇರೆಗೆ ಈ ತೀರ್ಮಾನ ಕೈಗೊಳ್ಳಲಾಗಿದೆ. ಹೊಸ ಮ್ಯಾನೇಜರ್ ಇಂದೇ ಅಧಿಕಾರ ವಹಿಸಿಕೊಳ್ಳುತ್ತಾರೆ.

ಶ್ರೀರಾಮಪ್ಪ ಇದನ್ನು ಓದಿದಾಗ ಕಾಮಸಮುದ್ರದ ಪಕ್ಕದ ತನ್ನ ಊರಿನಲ್ಲಿ ಡೇರಿಗೆ ಹಾಲು ಹಾಕಲು ನಿಂತಿದ್ದ. ಎರಡನೇ ಸಾಲನ್ನು ಮತ್ತೊಮ್ಮೆ ಓದಿದ. ಅಭಿಮಾನಿಗಳು ಅಂದರೆ ಚಾಂಪಿಯನ್ ರೀಫ್ಸ್ ಮೈದಾನದ ಬೇವಿನ ಮರದ ಕೆಳಗೆ ಪ್ರತಿ ಭಾನುವಾರ ಕೂರುವ ನಲವತ್ತು ಜನ. ಆ ನಲವತ್ತು ಜನರ ಪೈಕಿ ಮೊದಲನೆಯವನು ಅವನೇ.

ಜಿಲ್ಲಾ ಲೀಗಿನ ಬೇರೆ ಯಾವ ತಂಡಕ್ಕೂ ಜನರಲ್ ಮ್ಯಾನೇಜರ್ ಇಲ್ಲ. ಇಲ್ಲಿನ ಚಿನ್ನದ ಗಣಿ ನಡೆಯುತ್ತಿದ್ದಾಗ ಎಲ್ಲರಿಗಿಂತ ಮೇಲಿದ್ದವನು ಮ್ಯಾನೇಜರ್. ಗಣಿ ಮುಚ್ಚಿ ಇಪ್ಪತ್ತು ವರ್ಷ ದಾಟಿದರೂ ಆ ಮಾತಿನ ತೂಕ ಇಲ್ಲಿ ಇಳಿದಿರಲಿಲ್ಲ. ಮುನೀಂದ್ರ ನಿವೃತ್ತ ಪಿ.ಟಿ. ಮೇಷ್ಟ್ರು. ಹೈಸ್ಕೂಲ್ ತಂಡದಲ್ಲಿ ಅವನು ಸೆಂಟರ್ ಹಾಫ್ ಆಡುತ್ತಿದ್ದಾಗ ಗೋಲಿನಲ್ಲಿ ನಿಲ್ಲುತ್ತಿದ್ದವನು ಶ್ರೀರಾಮಪ್ಪ. ಈ ವರ್ಷ ಮುನೀಂದ್ರ ಹಳೆಯ ಆಟಗಾರರಲ್ಲಿ ಆರು ಜನರನ್ನು ಕೂರಿಸಿ ಹೊಸಬರನ್ನು ಇಳಿಸಿದ್ದ. ತಂಡ ಗಟ್ಟಿಯಾಗಲು ಎರಡು ವರ್ಷ ಬೇಕು ಎಂದಿದ್ದ. ಸತತ ನಾಲ್ಕು ಪಂದ್ಯ ಸೋತಾಗಿತ್ತು.

ಏಳು ಗಂಟೆಗೆ ಗುಂಪಿನಲ್ಲಿ ನೂರು ಸಂದೇಶ ದಾಟಿತು.

‘ಒತ್ತಾಯ ಮಾಡಿದೋನು ಯಾವನ್ಲಾ, ಮುಂದಕ್ಕೆ ಬಾ.’

‘ನಾಲ್ಕು ಮ್ಯಾಚ್ ಸೋತ್ರೆ ತೆಗೀದೆ ಇನ್ನೇನು ಆರತಿ ಎತ್ತುತಾರಾ?’

‘ನೀನು ಬಂದಿದ್ದೇ ಎರಡು ಮ್ಯಾಚು, ನಾಲ್ಕು ಸೋತಿದ್ದು ನಿಂಗೆಂಗೆ ಗೊತ್ತು?’

ಶ್ರೀರಾಮಪ್ಪ ಮನೆಗೆ ಬಂದು ಮುನೀಂದ್ರನಿಗೆ ಮೂರು ಸಲ ಫೋನ್ ಮಾಡಿದ. ಎರಡು ಸಲ ರಿಂಗ್ ಆಯಿತು. ಮೂರನೇ ಸಲ ಸ್ವಿಚ್ ಆಫ್.

‘ಅವ್ರು ಎತ್ತಾಕಿಲ್ಲ ಬಿಡಿ,’ ಎಂದಳು ಹೆಂಡತಿ ಅನಸೂಯಮ್ಮ. ‘ನಿಮ್ ಮರದೋರೇ ತೆಗೆಸಿದ್ರು ಅಂತ ಬರ್ದವ್ರಲ್ಲ. ನಲವತ್ತು ವರ್ಸದ ಸ್ನೇಹ ಇವತ್ತಿಗೆ ಮುಗೀತು ಅಂದ್ಕೊಂಡಿರ್ತಾರೆ.’

‘ನಾನು ಏನೂ ಏಳಿಲ್ಲ ಕಣೇ.’

‘ನಂಗ್ಯಾಕೆ ಏಳ್ತೀರ? ಅವ್ರಿಗೆ ಏಳಿ.’

ಹೇಳಬೇಕಾದರೆ ಮೊದಲು ಆ ಎರಡನೇ ಸಾಲು ಎಲ್ಲಿಂದ ಬಂತೆಂದು ತಿಳಿಯಬೇಕಿತ್ತು. ಅವನು ಬಸ್ಸು ಹಿಡಿದು ಚಾಂಪಿಯನ್ ರೀಫ್ಸಿಗೆ ಹೋಗಿ, ಮರದ ಗುಂಪಿನ ಇನ್ನೊಬ್ಬ ಹಿರಿಯ ಪೆರುಮಾಳನ ಮನೆ ಬಾಗಿಲು ತಟ್ಟಿದ. ಪೆರುಮಾಳ್ ಗಣಿಯಲ್ಲಿ ದುಡಿದವನು, ಈಗಲೂ ಗಣಿ ಕಟ್ಟಿಸಿದ ಲೈನ್ ಮನೆಯಲ್ಲೇ ಇದ್ದ.

‘ವಾಂಗ ಸಾಮಿ,’ ಎಂದು ತಮಿಳಿನಲ್ಲಿ ಒಳಗೆ ಕರೆದ ಪೆರುಮಾಳ್. ‘ನೀನೇ ಮಾಡಿದ್ಯಾ ಅಂತ ಕೇಳಕ್ಕೆ ನಾನೇ ಬರ್ತಾ ಇದ್ದೆ.’

‘ನಿನ್ನ ಮೇಲೇ ನನ್ಗೂ ಅನುಮಾನ ಇತ್ತು.’

‘ಸರಿ. ಇಬ್ರೂ ಅಲ್ಲ. ಹಾಗಾದ್ರೆ ಓನರ್‌ನೇ ಕೇಳೋಣ.’

ತಂಡವನ್ನು ಸಾಕುತ್ತಿದ್ದವನು ಜಯರಾಮಪ್ಪ. ಗಡಿಯಾಚೆ ತೆಲುಗು ನಾಡಿನ ವಿ.ಕೋಟ ಕಡೆಯವನು. ಬಂಗಾರಪೇಟೆಯಲ್ಲಿ ಗ್ರಾನೈಟ್ ಪಾಲಿಶ್ ಮಾಡುವ ಕಾರ್ಖಾನೆ ಇಟ್ಟು ಹತ್ತು ವರ್ಷವಾಗಿತ್ತು. ಇಬ್ಬರೂ ಮಾರಿಕುಪ್ಪಂ ಕಡೆಯಿಂದ ಬಂದ ರೈಲು ಹತ್ತಿ ಬಂಗಾರಪೇಟೆಯಲ್ಲಿ ಇಳಿದರು. ರೈಲಿನಲ್ಲಿ ಪರಿಚಯದವರೊಬ್ಬರು, ‘ಏನಪ್ಪಾ, ಮ್ಯಾನೇಜರ್‌ನ ತಿಂದು ನೀರು ಕುಡಿದ್ರಾ?’ ಎಂದು ಕೇಳಿದರು. ಪೆರುಮಾಳ್ ಕಿಟಕಿಯಾಚೆ ನೋಡಿದ.

ಜಯರಾಮಪ್ಪ ನಗುತ್ತಲೇ ತನ್ನ ತೆಲುಗಿನಲ್ಲಿ ಬನ್ನಿ ಎಂದು ಅವರನ್ನು ಬರಮಾಡಿಕೊಂಡ. ‘ರಂಡಿ, ರಂಡಿ, ಕೂತ್ಕೊಳ್ಳಿ. ಸಂತೋಷನಾ ಈಗ? ನೀವು ಕೇಳಿದ್ದು ಮಾಡ್ದೆ.’

‘ನಾವು ಏನು ಕೇಳಿದ್ವಿ?’ ಎಂದ ಶ್ರೀರಾಮಪ್ಪ.

ಜಯರಾಮಪ್ಪ ಫೋನು ತೆಗೆದು ಒಂದು ಚಿತ್ರ ತೋರಿಸಿದ. ಭಾನುವಾರದ ಪಂದ್ಯ. ಬೇವಿನ ಮರದ ಎರಡು ಕೊಂಬೆಗಳಿಗೆ ಕಟ್ಟಿದ ಬಿಳಿ ಬಟ್ಟೆ, ಅದರ ಮೇಲೆ ನೀಲಿ ಬಣ್ಣದ ದೊಡ್ಡ ಅಕ್ಷರ. ಬರೆದವನು ಶ್ರೀರಾಮಪ್ಪ. ನಾಲ್ಕನೇ ಸೋಲಿನ ದಿನ ಗೆಳೆಯನಿಗೆ ಧೈರ್ಯ ಹೇಳಲು ಬರೆದಿದ್ದ.

‘ನಂಗೆ ಕನ್ನಡ ಓದಕ್ಕೆ ಬರಲ್ಲ,’ ಎಂದ ಜಯರಾಮಪ್ಪ. ‘ಡ್ರೈವರ್ ಓದಿದ. ಏಯ್ ಮುನೇಶು, ಇನ್ನೊಂದು ಸಲ ಓದು.’

ಬಾಗಿಲ ಬಳಿ ನಿಂತಿದ್ದ ಡ್ರೈವರ್ ಮುನೇಶ್ ಹತ್ತಿರ ಬಂದು ಸ್ಪಷ್ಟವಾಗಿ ಓದಿದ. ‘ಮ್ಯಾನೇಜರ್ ಸಾರ್, ಅವಸರ ಇಲ್ಲ.’

‘ಅದೇ,’ ಎಂದ ಜಯರಾಮಪ್ಪ. ‘ಮ್ಯಾನೇಜರ್ ಅವಸರಂ ಲೇದು. ಮ್ಯಾನೇಜರ್ ಬೇಕಾಗಿಲ್ಲ ಅಂತ. ಮರದ ಮೇಲೆ ಕಟ್ಟಿದ್ದೀರಿ, ಊರೆಲ್ಲಾ ನೋಡ್ತು. ಇನ್ನೆಂಗೆ ಇಟ್ಕೊಳ್ಳಲಿ?’

ಓದಿದವನು ಸರಿಯಾಗಿಯೇ ಓದಿದ್ದ. ಕೇಳಿಸಿಕೊಂಡವನು ಚಿಕ್ಕಂದಿನಿಂದ ತನಗೆ ಗೊತ್ತಿದ್ದ ತೆಲುಗಿನ ಅರ್ಥದಲ್ಲೇ ಕೇಳಿಸಿಕೊಂಡಿದ್ದ.

‘ಅರ್ಜೆಂಟ್ ಇಲ್ಲ ಅಂತ ಅಣ್ಣಾ ಅದು,’ ಎಂದ ಶ್ರೀರಾಮಪ್ಪ. ‘ನಿಧಾನಕ್ಕೆ ಟೀಮ್ ಕಟ್ಟಿ, ನಾವು ಕಾಯ್ತೀವಿ ಅಂತ.’

‘ತಮಿಳಲ್ಲೂ ಅವಸರಂ ಅಂದ್ರೆ ಅರ್ಜೆಂಟೇ,’ ಎಂದ ಪೆರುಮಾಳ್. ‘ಎರಡು ಭಾಷೆ ಒಂದು ಕಡೆ, ನೀವೊಬ್ರು ಒಂದು ಕಡೆ.’

ಶ್ರೀರಾಮಪ್ಪನಿಗೆ ತೆಲುಗು ಗೊತ್ತಿತ್ತು. ಅವನ ಅಜ್ಜಿ ಸಾಯುವವರೆಗೂ ಬೇರೆ ಭಾಷೆ ಆಡಿರಲಿಲ್ಲ. ಇನ್ನೊಂದು ಮುದ್ದೆ ಹಾಕಲು ಬಂದರೆ ತಟ್ಟೆಗೆ ಕೈ ಅಡ್ಡ ಹಿಡಿದು ‘ಅವಸರಂ ಲೇದು’ ಎನ್ನುತ್ತಿದ್ದಳು. ಬಟ್ಟೆಯ ಮೇಲೆ ಬರೆಯುವಾಗ ಅದು ಅವನಿಗೆ ನೆನಪಾಗಿರಲಿಲ್ಲ.

ಜಯರಾಮಪ್ಪ ಫೋನನ್ನು ಮೇಜಿನ ಮೇಲೆ ಮಗುಚಿ ಇಟ್ಟ. ‘ತಪ್ಪಾಯ್ತು. ಒಪ್ಕೊಂಡೆ. ಆದ್ರೆ ಹೊಸಬನು ಕೋಲಾರದಿಂದ ಹೊರಟಿದ್ದಾನೆ. ಬಾಗಿಲಿಂದ ವಾಪಸ್ ಕಳ್ಸಕ್ಕಾಗಲ್ಲ. ಇನ್ನೊಂದು ಮಾತು ಏಳ್ತೀನಿ, ಬೇಜಾರಾಗಬೇಡಿ. ನಾಲ್ಕು ಮ್ಯಾಚ್ ಸೋತಿದ್ದನ್ನ ಯಾವ ಭಾಷೇಲಿ ಓದಿದ್ರೂ ಸೋತಂಗೇ.’

‘ಮ್ಯಾನೇಜರ್‌ನ ಇಟ್ಕೊಳ್ಳೋದು ಬಿಡೋದು ನಿಮ್ಮಿಷ್ಟ,’ ಎಂದ ಶ್ರೀರಾಮಪ್ಪ. ‘ಎರಡನೇ ಸಾಲು ತೆಗೀರಿ. ನಾವು ಒತ್ತಾಯ ಮಾಡಿಲ್ಲ.’

‘ಒಂದು ಸಾಲಿಗೆ ಇಷ್ಟು ದೂರ ಬಂದ್ರಾ?’

‘ಒಂದು ಪದಕ್ಕೆ ನೀವು ಮ್ಯಾನೇಜರ್‌ನೇ ಕಳ್ಸಿದ್ರಲ್ಲ.’

ಜಯರಾಮಪ್ಪ ಮುನೇಶನಿಗೆ ಹೊಸ ಪ್ರಕಟಣೆ ಬರೆಯಲು ಹೇಳಿದ. ಬರೆದದ್ದನ್ನು ಓದಿಸಿ, ಪ್ರತಿ ಪದಕ್ಕೂ ಅರ್ಥ ಕೇಳಿದ. ‘ತೀರ್ಮಾನ’ಕ್ಕೆ ಎರಡು ಸಲ ಕೇಳಿದ. ಹನ್ನೆರಡೂ ಇಪ್ಪತ್ತಕ್ಕೆ ಅದು ಗುಂಪಿಗೆ ಹೋಯಿತು. ಮುನೀಂದ್ರ ಅವರನ್ನು ತೆಗೆದದ್ದು ತಂಡದ ಮಾಲೀಕರ ತೀರ್ಮಾನ. ಅಭಿಮಾನಿಗಳು ಇದನ್ನು ಕೇಳಿರಲಿಲ್ಲ.

ಮುನೀಂದ್ರ ಅದಕ್ಕೂ ಉತ್ತರ ಕೊಡಲಿಲ್ಲ. ಮಂಗಳವಾರ ಶ್ರೀರಾಮಪ್ಪ ಅವನ ಮನೆಗೆ ಹೋದ. ಅವನು ಊರಲ್ಲಿಲ್ಲ ಎಂದು ಹೆಂಡತಿ ಪುಷ್ಪ ಹೇಳಿದಳು. ಅವನ ಚಪ್ಪಲಿ ಬಾಗಿಲಲ್ಲೇ ಇತ್ತು.

ಭಾನುವಾರ ಮರದ ಕೆಳಗೆ ಮೂವತ್ತು ಜನ ಸೇರಿದ್ದರು. ಉಳಿದ ಹತ್ತು ಜನ ಇನ್ನು ಈ ತಂಡದ ಆಟ ನೋಡುವುದಿಲ್ಲ ಎಂದು ಗುಂಪಿನಿಂದ ಹೊರಹೋಗಿದ್ದರು. ಆ ಬಟ್ಟೆಯನ್ನು ಸುಟ್ಟುಬಿಡು ಎಂದಿದ್ದ ಪೆರುಮಾಳ್. ಅಷ್ಟು ಒಳ್ಳೆಯ ಬಟ್ಟೆ ಸುಡಲು ಮನಸ್ಸಾಗದೆ ಶ್ರೀರಾಮಪ್ಪ ಅದನ್ನು ನೆಲಕ್ಕೆ ಹಾಸಿ ಕೂತಿದ್ದ. ಮೈದಾನದಲ್ಲಿ ಮುನೀಂದ್ರ ಆರಿಸಿದ ಹುಡುಗರೇ ಆಡುತ್ತಿದ್ದರು. ಅಷ್ಟು ಬೇಗ ಬೇರೆಯವರನ್ನು ಹುಡುಕಲು ಹೊಸ ಮ್ಯಾನೇಜರನಿಗೆ ಆಗಿರಲಿಲ್ಲ.

ಎರಡನೇ ಕ್ವಾರ್ಟರ್ ಶುರುವಾದಾಗ ಹಿಂದೆ ಯಾರೋ ಬಂದು ನಿಂತರು. ಶ್ರೀರಾಮಪ್ಪ ತಿರುಗಿ ನೋಡಿದ. ಮುನೀಂದ್ರ.

‘ನನ್ನ ಪೋನೇನೂ ಕೆಟ್ಟಿರಲಿಲ್ಲ,’ ಎಂದ ಮುನೀಂದ್ರ.

‘ಗೊತ್ತು.’

‘ಆ ಬಟ್ಟೆ ನಾನೂ ಅವತ್ತೇ ನೋಡಿದ್ದೆ. ಸರಿಯಾಗೇ ಓದಿದ್ದೆ. ಖುಷಿನೂ ಆಗಿತ್ತು. ನೋಟಿಸು ಬಂದ್ಮೇಲೆ ಅದೇ ಮಾತನ್ನ ತೆಲುಗಲ್ಲಿ ಓದ್ಕೊಂಡೆ. ನಿಂಗೂ ತೆಲುಗು ಬರ್ತದಲ್ಲ, ಬೇಕಂತಲೇ ಬರ್ದವ್ನೆ ಅನ್ನಿಸ್ತು.’

‘ಎರಡನೇ ನೋಟಿಸು ಬಂತಲ್ಲ?’

‘ಅದನ್ನೂ ನೀನೇ ಬರೆಸಿರ್ತೀಯ ಅಂದ್ಕೊಂಡೆ.’

‘ಬರೆಸಿದ್ದು ನಾನೇ.’

‘ಗೊತ್ತು ಕಣ್ಲಾ.’ ಮುನೀಂದ್ರ ಮೈದಾನದ ಕಡೆ ನೋಡಿದ. ‘ನಿನ್ನೆ ಆ ಪೋಟೋ ಇನ್ನೊಂದು ಸಲ ನೋಡ್ದೆ. ಸಾರ್ ಅಂತ ಬರ್ದಿದ್ದೀಯ. ನನ್ನ ತೆಗೀಬೇಕು ಅಂದಿದ್ರೆ ಸಾರ್ ಅಂತ ಯಾಕೆ ಬರೀತಿದ್ದೆ? ನಲವತ್ತು ವರ್ಸದಲ್ಲಿ ಒಂದು ಸಲನೂ ಅಂದೋನಲ್ಲ ನೀನು.’

‘ಪೆರುಮಾಳ್ ಏಳಿದ ಹಾಕು ಅಂತ. ಮರ್ಯಾದೆ ಇರ್ಲಿ ಅಂತ.’

‘ನಾನು ಹೇಳ್ದೆ,’ ಎಂದ ಪೆರುಮಾಳ್. ‘ಇವನು ಲೇ ಅಂತ ಬರೆಯಕ್ಕೆ ಹೊರಟಿದ್ದ.’

ಸುತ್ತ ಕೂತವರು ನಕ್ಕರು. ಶ್ರೀರಾಮಪ್ಪ ಪಕ್ಕಕ್ಕೆ ಸರಿದು ಬಟ್ಟೆಯ ಮೇಲೆ ಜಾಗ ಮಾಡಿದ. ಸಂಜೆ ರೈಲಿಗೆ ಹೋಗಬೇಕು, ಮಗಳ ಮನೆಗೆ, ಅರ್ಧ ಆಟ ನೋಡಿ ಹೊರಡುತ್ತೇನೆ ಎಂದ ಮುನೀಂದ್ರ.

‘ರೈಲು ಐದಕ್ಕಲ್ವಾ? ಕೂತ್ಕೋ. ಅವಸರ—’ ಎಂದ ಶ್ರೀರಾಮಪ್ಪ, ಅಲ್ಲಿಗೇ ನಿಲ್ಲಿಸಿದ.

‘ಮುಂದಕ್ಕೆ ಏಳು,’ ಎಂದ ಮುನೀಂದ್ರ. ‘ಯಾವ ಭಾಷೇಲಿ ಅಂತ ಮೊದ್ಲು ಏಳ್ಬಿಟ್ಟು ಏಳು.’

ಅವನು ಕೂತ. ಪಂದ್ಯ ಒಂದು–ಒಂದರಲ್ಲಿ ಮುಗಿಯುವವರೆಗೂ ಏಳಲಿಲ್ಲ.